ಸಿವಿಲೈಸೇಷನ್ 6: ಖಜಾನೆ ಖಾಲಿಯಾಗೋದು ನಿಂತ ಬಗೆ

ಸಿವಿಲೈಸೇಷನ್ 6 ಅಂದ್ರೆ ಸಾಮ್ರಾಜ್ಯ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟ. ನಮ್ಮ ಆಟದಲ್ಲಿ ಪ್ರತಿ ಟರ್ನ್‌ಗೂ (ಆಟದ ಸರದಿ) ಚಿನ್ನ ಕಡಿಮೆಯಾಗುತ್ತಾ ಬಂತು. ಖಜಾನೆ ಬರಿದಾದರೆ ಸೈನ್ಯವೇ ಚದುರಿಹೋಗುತ್ತದೆ. ‘ಅಣ್ಣಾ, ಯುದ್ಧಾನೇ ಇಲ್ವಲ್ಲ, ದುಡ್ಡೆಲ್ಲಿ ಹೋಗ್ತಿದೆ?’ ಅಂದ ತಮ್ಮ. ವರದಿ ತೆಗೆದು ನೋಡಿದರೆ, ಗಡಿಯಲ್ಲಿ ಸುಮ್ನೆ ನಿಂತಿದ್ದ ಪಡೆಗಳ ಖರ್ಚೇ ಜಾಸ್ತಿ. ಪಡೆಗಳ ಖರ್ಚು ತಗ್ಗಿಸುವ ಕನ್‌ಸ್ಕ್ರಿಪ್ಷನ್ ಅನ್ನೋ ನೀತಿ ಕಾರ್ಡ್ ಹಾಕಿದೆವು, ಒಂದೊಂದು ಪಡೆಯ ಖರ್ಚಿನಲ್ಲೂ ಟರ್ನ್‌ಗೆ 1 ಚಿನ್ನ ಉಳಿಯಿತು.

ನಿಜವಾದ ಫಲ ವ್ಯಾಪಾರದಿಂದ ಬಂತು. ನಮ್ಮದೇ ನಗರಗಳ ನಡುವಿನ ದಾರಿಯಿಂದ ಆಹಾರ, ಉತ್ಪಾದನೆ ಸಿಗುತ್ತದೆ. ಚಿನ್ನ ಬೇಕೆಂದರೆ ವ್ಯಾಪಾರಿ ಬೇರೆ ದೇಶಕ್ಕೆ ಹೋಗಬೇಕು. ಆದರೆ ಹಿಡಿದ ದಾರಿ ಮುಗಿಯುವವರೆಗೆ ಅವನನ್ನು ತಿರುಗಿಸಲು ಆಗಲ್ಲ. ಅಲ್ಲಿವರೆಗೆ ಕೈ ಕಟ್ಟಿ ಕೂರದೆ, ನಮ್ಮಲ್ಲಿ ಹೆಚ್ಚಿದ್ದ ರೇಷ್ಮೆಯನ್ನು ಪಕ್ಕದ ರಾಜನಿಗೆ ಮಾರಿದೆವು. ಶಿಡ್ಲಘಟ್ಟದವರಿಗೆ ರೇಷ್ಮೆಯ ಬೆಲೆ ಗೊತ್ತು, ಅಲ್ವಾ? ಆಮೇಲೆ ನಗರದ ವ್ಯಾಪಾರ ಬಡಾವಣೆಯಾದ ಕಮರ್ಷಿಯಲ್ ಹಬ್ ಅನ್ನು ನದಿ ಪಕ್ಕದಲ್ಲೇ ಕಟ್ಟಿದೆವು. ನದಿಗೆ ತಾಗಿದ್ದರೆ 2 ಚಿನ್ನ ಹೆಚ್ಚು ಸಿಗುತ್ತದೆ. ಈಗ ಪ್ರತಿ ಟರ್ನ್‌ಗೂ ಖಜಾನೆ ಏರುತ್ತಿದೆ.