ಪ್ರಾಸ್ಟೇಟ್ ಊದಿದಾಗ ಮೂತ್ರದ ತಡೆಯನ್ನು ಪರೀಕ್ಷಿಸುವ ಬಗೆ

ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಮೂತ್ರದ ಹಾದಿಯನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಎಂದು ಸ್ಕ್ಯಾನಿಂಗ್ ವರದಿ ಹೇಳಿದ ಮಾತ್ರಕ್ಕೆ ಮೂತ್ರದ ಹಾದಿ ಕಟ್ಟಿಕೊಂಡಿದೆ ಎಂದು ತೀರ್ಮಾನಿಸುವಂತಿಲ್ಲ. ಹೆಚ್ಚು ಊದದ ಗ್ರಂಥಿ ವಿಪರೀತ ಕಾಡುವುದೂ, ಬಹಳ ದೊಡ್ಡದಾದದ್ದು ತಂಟೆಯಿಲ್ಲದೆ ಇರುವುದೂ ಉಂಟು.

ಮೊದಲು ವೈದ್ಯರು 7 ಪ್ರಶ್ನೆಗಳ ಅಂಕಪಟ್ಟಿಯೊಂದನ್ನು ತುಂಬಿಸಿಕೊಳ್ಳುತ್ತಾರೆ. 35ರಲ್ಲಿ 20 ಅಥವಾ ಹೆಚ್ಚು ಅಂಕ ಬಂದರೆ ಲಕ್ಷಣಗಳು ತೀವ್ರವೆಂದು ಅರ್ಥ. ಆದರೆ ಅದು ಅಳೆಯುವುದು ತೊಂದರೆಯನ್ನು, ತಡೆಯನ್ನಲ್ಲ. ಗುದದ್ವಾರದ ಮೂಲಕ ಬೆರಳಿನ ತಪಾಸಣೆ, ಮೂತ್ರ ಪರೀಕ್ಷೆ, ಅಗತ್ಯವಿದ್ದರೆ ರಕ್ತದಲ್ಲಿ ಪ್ರಾಸ್ಟೇಟ್ ಸ್ರವಿಸುವ ಪ್ರೋಟೀನಾದ ಪಿಎಸ್‌ಎ ಮತ್ತು ಮೂತ್ರಪಿಂಡಗಳ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಗಳೂ ಈ ಹಂತದಲ್ಲೇ ಮುಗಿಯುತ್ತವೆ. ಶೀತಕ್ಕೆ ನುಂಗುವ ಕೆಲವು ಮಾತ್ರೆಗಳು ಮೂತ್ರವನ್ನು ಹಿಡಿದಿಡುವುದರಿಂದ, ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನು ಜೊತೆಗೆ ಒಯ್ಯಬೇಕು.

ಮುಂದಿನದು ಯುರೋಫ್ಲೋಮೆಟ್ರಿ, ಅಂದರೆ ಮೂತ್ರ ಹರಿಯುವ ವೇಗವನ್ನು ಅಳೆಯುವ ಪರೀಕ್ಷೆ. ಸಹಜವಾಗಿ ಒತ್ತರ ಬರುವವರೆಗೆ ನೀರು ಕುಡಿದು ಕಾದಿದ್ದು, ಆಲಿಕೆ ಜೋಡಿಸಿದ ಯಂತ್ರಕ್ಕೆ ಒಬ್ಬರೇ ಇದ್ದು ಮೂತ್ರ ಮಾಡಬೇಕು. ಮುಕ್ಕಿರಿಯದೆ, ಧಾರೆಯನ್ನು ಅತ್ತಿತ್ತ ಆಡಿಸದೆ ಒಂದೇ ಕಡೆ ಬೀಳಿಸಬೇಕು. ಕನಿಷ್ಠ 150 ಮಿಲಿಲೀಟರ್ ಆಗದಿದ್ದರೆ ಫಲಿತಾಂಶವನ್ನು ನೆಚ್ಚುವಂತಿಲ್ಲ, ತಡೆಹಿಡಿಯಲಾಗದಷ್ಟು ತುಂಬಿಸಿಕೊಂಡರೂ ಅದು ಕೆಡುತ್ತದೆ. ಗರಿಷ್ಠ ವೇಗ ಸೆಕೆಂಡಿಗೆ 15 ಮಿಲಿಲೀಟರಿಗಿಂತ ಹೆಚ್ಚಿದ್ದರೆ ತಡೆಯ ಸಂಭವ ಕಡಿಮೆ, 10ಕ್ಕಿಂತ ಇಳಿದರೆ ಹೆಚ್ಚು. ಅಪರಿಚಿತ ಕೋಣೆಯ ಮುಜುಗರಕ್ಕೇ ಧಾರೆ ಕುಗ್ಗುವವರಿದ್ದಾರೆ; ಆದ್ದರಿಂದ ಒಂದೇ ಸಲದ ಅಂಕಿಯನ್ನು ನಂಬುವುದಕ್ಕಿಂತ ಇನ್ನೊಮ್ಮೆ ಮಾಡಿಸುವುದು ಮೇಲು.

ಅದು ಮುಗಿದ ಕೂಡಲೇ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಸರದಿಗಾಗಿ ಕಾಯುತ್ತ ಕುಳಿತರೆ, ಅಷ್ಟರಲ್ಲಿ ಹೊಸದಾಗಿ ಸೇರಿದ ಮೂತ್ರವೂ ಲೆಕ್ಕಕ್ಕೆ ಬಂದುಬಿಡುತ್ತದೆ.

ಧಾರೆ ಸಣ್ಣಗಿರುವುದಕ್ಕೆ ಹಾದಿಯ ತಡೆಯಷ್ಟೇ ಅಲ್ಲ, ಮೂತ್ರಕೋಶದ ಸ್ನಾಯು ಸೋತಿರುವುದೂ ಕಾರಣವಾಗಬಹುದು. ಈ ಎರಡನ್ನು ಖಚಿತವಾಗಿ ಬೇರ್ಪಡಿಸುವುದು ಒತ್ತಡ ಮತ್ತು ಹರಿವನ್ನು ಒಟ್ಟಿಗೆ ಅಳೆಯುವ ಯುರೋಡೈನಾಮಿಕ್ ಪರೀಕ್ಷೆ. ಮೂತ್ರಕೋಶಕ್ಕೊಂದು, ಗುದನಾಳಕ್ಕೊಂದು ಸಪೂರ ಕೊಳವೆ ಇಟ್ಟು, ಮೂತ್ರಕೋಶವನ್ನು ನಿಧಾನವಾಗಿ ತುಂಬಿಸಿ, ಬಳಿಕ ಮೂತ್ರ ಮಾಡಿಸುತ್ತಾರೆ. ಗರಿಷ್ಠ ಹರಿವಿನ ಹೊತ್ತಿನ ಸ್ನಾಯು ಒತ್ತಡದಿಂದ (ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ) ಆ ಹರಿವಿನ ಎರಡರಷ್ಟನ್ನು ಕಳೆದಾಗ 40ಕ್ಕಿಂತ ಹೆಚ್ಚು ಉಳಿದರೆ ತಡೆ ಇದೆ, 20ಕ್ಕಿಂತ ಕಡಿಮೆಯಾದರೆ ಇಲ್ಲ. ಎಲ್ಲರಿಗೂ ಇದು ಬೇಕಿಲ್ಲ. ಆದರೆ ಪಾರ್ಕಿನ್ಸನ್‌ನಂಥ ನರರೋಗವಿರುವವರು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಇದರ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಸೋಂಕಿದ್ದರೆ ಪರೀಕ್ಷೆಯನ್ನು ಮುಂದೂಡುತ್ತಾರೆ. ನಂತರ ಒಂದೆರಡು ದಿನ ಉರಿಮೂತ್ರ ಸಹಜ, ಚಳಿಜ್ವರ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂತ್ರ ಪೂರ್ತಿ ಕಟ್ಟಿಕೊಂಡು ಕಿಬ್ಬೊಟ್ಟೆ ನೋಯುತ್ತಿದ್ದರೆ ಈ ಯಾವ ಪರೀಕ್ಷೆಗೂ ಕಾಯಬಾರದು. ಮೊದಲು ತುರ್ತು ವಿಭಾಗದಲ್ಲಿ ಮೂತ್ರ ಹೊರಬಿಡುವ ಕೊಳವೆ, ಅಂದರೆ ಕ್ಯಾತಿಟರ್, ಹಾಕಿಸಿಕೊಳ್ಳಬೇಕು.