ಹಳೇ ಫಾರ್ಮುಲಾ ಕಾರಿನೊಳಗೆ ಕಾಲು ಚಾಚುವ ಮೊದಲು

ಹಳೇ ಸಿಂಗಲ್ ಸೀಟರ್, ಅಂದರೆ ಒಬ್ಬರೇ ಕೂರುವ ರೇಸ್ ಕಾರು ಕೊಳ್ಳುವವರು ಮೊದಲು ಎಂಜಿನ್ ಸದ್ದು ಕೇಳುತ್ತಾರೆ. ಬೈಕಂಪಾಡಿಯ ನಮ್ಮ ವೆಲ್ಡಿಂಗ್ ಶೆಡ್ಡಿಗೆ ಬಂದರೆ ಕಾಲು ಎಲ್ಲಿ ಕೂರುತ್ತದೆ ಅಂತ ನೋಡಲು ನಾನು ಮೊದಲು ಕಾರಿನ ಮೂತಿ ಬಿಚ್ಚಿಸುತ್ತೇನೆ.

ಶೂ ಹಾಕಿ ಕೂತು ಬ್ರೇಕ್ ಪೂರ್ತಿ ಒತ್ತಿ. ಮುಂದಿನ ಎರಡು ಚಕ್ರಗಳ ನಡುಮಧ್ಯಕ್ಕೆ ಇಬ್ಬರು ಅಡ್ಡ ದಾರ ಹಿಡಿಯಲಿ. ಹಳೇ ಕಾರಲ್ಲಿ ಪಾದ ದಾರ ದಾಟಿ ಮುಂದಿರುವುದೇ ಜಾಸ್ತಿ. ಗುದ್ದಿದರೆ ಪೆಟ್ಟು ನೇರ ಕಾಲಿಗೇ ಅಲ್ವಾ? 1982ರಲ್ಲಿ ಹಾಕೆನ್‌ಹೈಮ್‌ನಲ್ಲಿ ಪಿರೋನಿ, 1986ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಲಫೀತ್ ಎಂಬ ರೇಸ್ ಚಾಲಕರು ಕಾಲು ಮುರಿದುಕೊಂಡರು. ಇಬ್ಬರೂ ಮತ್ತೆ ಫಾರ್ಮುಲಾ ಒನ್ ರೇಸಿಗೆ ಬರಲಿಲ್ಲ. 1988ಕ್ಕೆ ಬಂದ ನಿಯಮ ಹೊಸ ಕಾರುಗಳಲ್ಲಿ ಪಾದವನ್ನು ಆ ದಾರದ ಗೆರೆಯ, ಅಂದರೆ ಮುಂದಿನ ಆಕ್ಸಲ್‌ನ ಹಿಂದಕ್ಕೆ ತಂದಿತು. ನಿಮ್ಮ ಹಳೇ ಕಾರಿಗೆ ಅದು ಗೊತ್ತಿಲ್ಲ.

ದಾರ ದಾಟುತ್ತಿದ್ದರೆ ಪೆಡಲ್, ಸೀಟು ಎರಡನ್ನೂ ಹಿಂದಕ್ಕೆ ತರಲು ಜಾಗ ಹುಡುಕಿ.

ಆಮೇಲೆ ಕಾರಿನ ಚೌಕಟ್ಟಿನ ಪೈಪು. ನಮ್ಮ ಕಡಲ ಗಾಳಿಗೆ ಅದು ಒಳಗಿಂದಲೇ ತುಕ್ಕು ಹಿಡಿಯುತ್ತದೆ ಮಾರಾಯ್ರೆ. ಪೆಡಲ್ ಮುಂದಿನ ಪೈಪುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅನ್ನಬೇಕು. ಮಂದ ಸದ್ದು ಬಂದಲ್ಲಿ ಕತ್ತರಿಸಿ ಹೊಸದು ಹಾಕಿಸಿ. ಹೊಸ ಬಣ್ಣ ಕಂಡರೆ ಇನ್ನೂ ಜಾಸ್ತಿ ತಟ್ಟಿ.

ಮೊಣಕಾಲಿಗೆ ತಾಗುವ, ಚಕ್ರ ತಿರುಗಿಸುವ ಅಡ್ಡ ಭಾಗವಾದ ಸ್ಟೀರಿಂಗ್ ರ‍್ಯಾಕಿಗೆ ಗಟ್ಟಿ ಫೋಮ್ ಸುತ್ತಿ. ಸೋಫಾ ಸ್ಪಂಜು ಸುಮ್ನೆ ದಂಡ. ಸುತ್ತಿದ ಮೇಲೆ ಕಾಲು ಸಲೀಸಾಗಿ ಹೊರಗೆ ಬರುತ್ತದಾ ಅಂತ ಇಳಿದು ನೋಡಿ.