ಮೂರು ಮೆಟ್ಟಿಲಿಗೆ 18 ಅಡಿ ರ‍್ಯಾಂಪ್

ಬೆಂಗಳೂರಲ್ಲಿ ಅಂಗಡಿ, ಹೋಟೆಲ್, ಕ್ಲಿನಿಕ್‌ಗಳ ರಿಪೇರಿ ಕೆಲಸ ಹಿಡಿಯುವವನು ನಾನು. ವೀಲ್‌ಚೇರ್‌ನವರಿಗೆ ದಾರಿ ಮಾಡಿಕೊಡಿ ಅಂತ ಯಾರಾದರೂ ಕರೆದರೆ ಮೊದಲು ರಸ್ತೆಯಿಂದ ನೆಲ ಎಷ್ಟು ಎತ್ತರ ಇದೆ ಅಂತ ಅಳೆಯುತ್ತೇನೆ. ನಮ್ಮೂರಲ್ಲಿ ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ ಎಷ್ಟೋ ರಸ್ತೆಗಳು ಏರಿವೆ. ಮಳೆನೀರು ನುಗ್ಗುತ್ತದೆ ಅಂತ ಅಂಗಡಿಯವರೂ ನೆಲ ಎತ್ತರಿಸಿಕೊಂಡಿದ್ದಾರೆ. ಮೂರು ಮೆಟ್ಟಿಲು ಮಾಮೂಲು.

ಜಯನಗರದ ಒಂದು ದರ್ಶಿನಿಯಲ್ಲೂ ಹಾಗೇ ಇತ್ತು. ಎತ್ತರ 18 ಇಂಚು. ಮಾಲೀಕರು, "ಎರಡು ಹಲಗೆ ಇಟ್ಟರೆ ಸಾಲದಾ ಸಾರ್?" ಅಂದರು. ಸಾಲದು. ಒಂದು ಇಂಚು ಏರಲು 12 ಇಂಚು ಉದ್ದ ಬೇಕು. ಅಂದರೆ 18 ಅಡಿ ಉದ್ದದ ಇಳಿಜಾರು ದಾರಿ, ಅದೇ ರ‍್ಯಾಂಪ್. ಅದಕ್ಕಿಂತ ಕಡಿದಾದರೆ ಕೈಯಲ್ಲಿ ಚಕ್ರ ತಳ್ಳಿಕೊಂಡು ಒಬ್ಬರೇ ಹತ್ತುವುದು ಕಷ್ಟ, ಇಳಿಯುವಾಗ ಅಪಾಯ. ಇನ್ನೊಬ್ಬರು ಹಿಂದಿನಿಂದ ತಳ್ಳಲೇಬೇಕಾದ ರ‍್ಯಾಂಪನ್ನು ನಾನು ರ‍್ಯಾಂಪ್ ಅನ್ನುವುದಿಲ್ಲ.

ಫುಟ್‌ಪಾತ್ ಮೇಲೆ ಕಟ್ಟುವ ಹಾಗಿಲ್ಲ. ಕಟ್ಟಿದರೆ ಬಿಳಿ ಕೋಲು ಹಿಡಿದು ನಡೆಯುವವರ ದಾರಿಗೆ ನಾವೇ ಅಡ್ಡ ಹಾಕಿದಂತೆ. ಕಟ್ಟಡದ ಪಕ್ಕ ಐದಡಿ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಬಿಟ್ಟ ಜಾಗ ಇತ್ತು. ಖಾಲಿ ಕ್ರೇಟು, ನೀರಿನ ಕ್ಯಾನು, ಸ್ಕೂಟರು ತುಂಬಿತ್ತು. ಅದನ್ನು ಖಾಲಿ ಮಾಡಿಸಿ ಅಲ್ಲೇ ನೇರವಾಗಿ ರ‍್ಯಾಂಪ್ ಎಳೆದೆವು. ಮೇಲೆ ಐದಡಿ ಸಮತಟ್ಟು ಬಿಟ್ಟು, ಪಕ್ಕದ ಗೋಡೆ ಒಡೆದು ಬಾಗಿಲಿಟ್ಟೆವು. ಎರಡೂ ಕಡೆ ಕಂಬಿ, ನಡುವೆ ನಾಲ್ಕು ಅಡಿ ದಾರಿ. ದರ್ಶಿನಿ ನೆಲ ದಿನವಿಡೀ ಒದ್ದೆ, ಅಲ್ವಾ? ಅದಕ್ಕೇ ಟೈಲ್ಸ್ ಬೇಡ ಅಂದೆ. ಉಳಿ ಹೊಡೆದ ಸಾದರಹಳ್ಳಿ ಕಲ್ಲು ಹಾಕಿದೆವು, ಜಾರುವುದಿಲ್ಲ.

ಕೆಳಗೆ ಮಳೆನೀರಿಗೆ ಒಂದು ಚರಂಡಿ, ಅದರ ಮೇಲೆ ಜಾಲರಿ. ಈ ಜಾಲರಿ ವಿಷಯ ತುಂಬಾ ಜನ ಗಮನಿಸುವುದಿಲ್ಲ. ಸರಳುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು, ಸಂದು ಅರ್ಧ ಇಂಚಿಗಿಂತ ಜಾಸ್ತಿ ಇರಬಾರದು. ಇಲ್ಲದಿದ್ದರೆ ವೀಲ್‌ಚೇರ್‌ನ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಂಡು ಕೂತವರು ಮುಂದಕ್ಕೆ ಬೀಳುತ್ತಾರೆ.

ಒಳಗೆ ಬಂದ ಮೇಲೆ ತಿನ್ನುವುದೆಲ್ಲಿ? ದರ್ಶಿನಿ ಟೇಬಲ್ ನಿಂತು ತಿನ್ನುವವರ ಎತ್ತರದ್ದು. ಚೇರ್‌ನಲ್ಲಿ ಕೂತವರಿಗೆ ಅದು ಮುಖದ ಮಟ್ಟಕ್ಕೆ ಬರುತ್ತದೆ. 30 ಇಂಚು ಎತ್ತರದ ಟೇಬಲ್‌ಗಳನ್ನು ಗೋಡೆಗೆ ಬ್ರಾಕೆಟ್ ಕೊಟ್ಟು ಕೂರಿಸಿದೆವು, ಮಂಡಿ ಒಳಗೆ ಹೋಗಲು ಕೆಳಗೆ ಖಾಲಿ. ಬಿಲ್ ಕೌಂಟರ್‌ನ ಒಂದು ಭಾಗವನ್ನೂ, ಕೈ ತೊಳೆಯುವ ಬೇಸಿನ್ನನ್ನೂ ಅದೇ ಮಟ್ಟಕ್ಕೆ ಇಳಿಸಿದೆವು. ಟೋಕನ್ ನಂಬರ್ ಕೂಗುವುದು ಕಿವಿ ಕೇಳದವರಿಗೆ ಗೊತ್ತಾಗುವುದಿಲ್ಲ, ಅದಕ್ಕೊಂದು ಡಿಸ್‌ಪ್ಲೇ ಬೋರ್ಡ್.

ಟಾಯ್ಲೆಟ್‌ಗೆ ಜಾಸ್ತಿ ತಲೆ ಓಡಿಸಬೇಕಾಯಿತು. ಹಿಡಿಕೆ ಕಂಬಿ ಮೇಲೆ ಮನುಷ್ಯನ ಪೂರ್ತಿ ಭಾರ ಬೀಳುತ್ತದೆ. ಗೋಡೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕಿನದು, ಸುಮ್ನೆ ಸ್ಕ್ರೂ ಹೊಡೆದರೆ ಕಿತ್ತು ಬರುತ್ತದೆ. ಕಂಬಿ ಬರುವ ಕಡೆ ಬ್ಲಾಕ್ ಒಡೆದು ಕಾಂಕ್ರೀಟ್ ತುಂಬಿಸಿ ಬೋಲ್ಟ್ ಹಾಕಿಸಿದೆ. ಬಾಗಿಲು ಮೂರಡಿ, ಹೊರಕ್ಕೆ ತೆರೆಯುವಂಥದ್ದು. ಒಳಗೆ ಯಾರಾದರೂ ಬಿದ್ದರೆ ಹೊರಗಿನಿಂದ ತೆಗೆಯಬೇಕಲ್ಲ.

ಹತ್ತಿರದಲ್ಲೇ ಇರುವ, ವೀಲ್‌ಚೇರ್ ಬಳಸುವ ಒಬ್ಬ ಮೇಡಂರನ್ನು ಫಿನಿಶಿಂಗ್‌ಗೆ ಮೊದಲೇ ಕರೆದು ತೋರಿಸಿದೆ. ಅವರು ಎಲ್ಲಾ ಕಡೆ ಓಡಾಡಿ, "ಅಣ್ಣಾ, ಟಾಯ್ಲೆಟ್ ಬಾಗಿಲಿನ ಸ್ಪ್ರಿಂಗ್ ತೆಗೆಸಿಬಿಡಿ. ನಾನು ಎರಡೂ ಕೈಲಿ ಚಕ್ರ ತಿರುಗಿಸಬೇಕು, ಬಾಗಿಲು ಹಿಡಿದುಕೊಳ್ಳೋದು ಯಾರು?" ಅಂದರು. ತೆಗೆಸಿದೆವು. ಬಾಗಿಲಿಗೆ ಒಳಗಡೆ ಅಡ್ಡ ಹಿಡಿಕೆ ಹಾಕಿದೆವು, ಒಳಗೆ ಹೋದ ಮೇಲೆ ಎಳೆದುಕೊಳ್ಳಲು.

ಇದೆಲ್ಲ ಸರ್ಕಾರಿ ಕಟ್ಟಡಗಳಿಗೆ ಮಾತ್ರ ಅಂದುಕೊಂಡವರು ಬಹಳ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಜನ ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ. ಕೇವಲ ಶಿಫಾರಸಿನಂಥ ನಿಯಮ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿದೆ. ದಂಡದ ಮಾತು ನಾನು ಕೊನೆಗೇ ತೆಗೆಯುವುದು. ಅಳತೆ ಪಟ್ಟಿ ಹಿಡಿದು ತೋರಿಸಿದರೆ ಹೆಚ್ಚಿನ ಮಾಲೀಕರು ಒಪ್ಪುತ್ತಾರೆ.

ಈಗ ಆ ತಗ್ಗು ಟೇಬಲ್‌ಗಳಲ್ಲಿ ಮಂಡಿನೋವಿನ ಅಜ್ಜಿ ತಾತಂದಿರೂ ಸ್ಟೂಲ್ ಎಳೆದುಕೊಂಡು ಕೂತು ಇಡ್ಲಿ ತಿನ್ನುತ್ತಾರೆ. ರ‍್ಯಾಂಪ್ ಮೇಲೆ ಮತ್ತೆ ಸಾಮಾನು ಸೇರದ ಹಾಗೆ ಹಾಲಿನ ಕ್ರೇಟಿಗೆ, ಹುಡುಗರ ಸ್ಕೂಟರಿಗೆ ಹಿಂದುಗಡೆ ಜಾಗ ಗುರುತು ಮಾಡಿಸಿದ್ದೇವೆ. ಬೆಳಿಗ್ಗೆ ಬಾಗಿಲು ತೆಗೆಯುವವರೇ ಅದನ್ನು ನೋಡಿಕೊಳ್ಳುತ್ತಾರೆ.